ಫ್ರೆಂಚರಿಗೆ ‘ಟು ಬಿ’ ಹೇಳಿಕೊಡುವುದು ಹೇಗೆ?

ಪ್ಯಾರಿಸ್‌ನಲ್ಲೋ ಮಾಂಟ್ರಿಯಲ್‌ನಲ್ಲೋ ನೆಲೆಸಿದ ಕನ್ನಡಿಗರನ್ನು ನೆರೆಮನೆಯವರು ‘ಒಂದಿಷ್ಟು ಇಂಗ್ಲಿಷ್ ಹೇಳಿಕೊಡಿ’ ಎಂದು ಕೇಳುವುದುಂಟು. ಹಾಗೆ ಕೇಳಿದರೆ ‘ಟು ಬಿ’ಯಿಂದಲೇ ಶುರುಮಾಡಿ. ಬಿ, ಆ್ಯಮ್, ಈಸ್, ಆರ್, ವಾಸ್, ವರ್, ಬೀನ್, ಬೀಯಿಂಗ್ ಎಂದು ಈ ಕ್ರಿಯಾಪದಕ್ಕೆ 8 ರೂಪಗಳಿವೆ. ಇಂಗ್ಲಿಷಿನಲ್ಲಿ ಇಷ್ಟು ವೇಷ ಬದಲಿಸುವ ಕ್ರಿಯಾಪದ ಇನ್ನೊಂದಿಲ್ಲ.

ಮೊದಲು ವರ್ತಮಾನಕಾಲ. ‘ಟು ಬಿ’ಗೆ ಸಮನಾದ ಫ್ರೆಂಚಿನ ‘ಎತ್ರ್’ಗೆ ವರ್ತಮಾನದಲ್ಲಿ 6 ರೂಪಗಳು, ಇಂಗ್ಲಿಷಿನಲ್ಲಿ ಮೂರೇ. ‘ಐ’ ಜೊತೆ ಆ್ಯಮ್, ‘ಹಿ, ಶಿ, ಇಟ್’ ಜೊತೆ ಈಸ್, ಉಳಿದೆಲ್ಲಕ್ಕೂ ಆರ್. ನಮ್ಮ ನೀನು–ನೀವು ಇದ್ದಂತೆ ಅವರಿಗೂ ‘ತ್ಯು’, ‘ವು’ ಇವೆ. ಎರಡಕ್ಕೂ ‘ಯು ಆರ್’ ಒಂದೇ ಎಂದಾಗ, ಹಿರಿಯರಿಗೆ ಅಗೌರವವಾಗದೇ ಎಂಬ ಅಳುಕು ಅವರಿಗೆ ಸಹಜ. ಅಗೌರವವಿಲ್ಲ ಎಂದು ಆಗಲೇ ಹೇಳಿಬಿಡಿ.

ನಿಜವಾದ ತೊಡಕು ಇರುವುದು ಈ ಪಟ್ಟಿಯಲ್ಲಲ್ಲ, ‘ಆವ್ವಾರ್’ನಲ್ಲಿ. ಹಾಗೆಂದರೆ ‘ಹೊಂದಿರು’. ಫ್ರೆಂಚರು ವಯಸ್ಸು, ಹಸಿವು, ಬಾಯಾರಿಕೆ, ಚಳಿ, ಭಯ ಎಲ್ಲವನ್ನೂ ಅದರಲ್ಲೇ ಹೇಳುತ್ತಾರೆ. ‘ಜೇ ವ್ಯಾಂತಾಂ’ ಎಂದರೆ ಅಕ್ಷರಶಃ ‘ನನ್ನ ಬಳಿ ಇಪ್ಪತ್ತು ವರ್ಷ ಇದೆ’. ಅದಕ್ಕೇ ‘ಐ ಹ್ಯಾವ್ ಟ್ವೆಂಟಿ ಇಯರ್ಸ್’ ಎಂದುಬಿಡುತ್ತಾರೆ. ಇದು ದಡ್ಡತನವಲ್ಲ. ನಾವೂ ‘ನನಗೆ ಹಸಿವು’ ಅನ್ನುತ್ತೇವೆಯೇ ಹೊರತು ‘ನಾನು ಹಸಿವು’ ಅನ್ನುವುದಿಲ್ಲವಲ್ಲ! ಆದ್ದರಿಂದ ಪದಕ್ಕೆ ಪದ ಅರ್ಥ ಹೇಳುವ ಗೋಜಿಗೆ ಹೋಗದೆ, ‘ಐ ಆ್ಯಮ್ ಟ್ವೆಂಟಿ’, ‘ಐ ಆ್ಯಮ್ ಹಂಗ್ರಿ’, ‘ಐ ಆ್ಯಮ್ ಕೋಲ್ಡ್’ ಎಂಬ ಇಡೀ ವಾಕ್ಯಗಳನ್ನೇ ಬಾಯಿಪಾಠ ಮಾಡಿಸಿ. ದಿನಕ್ಕೆ ಐದು ಸಾಕು. ಅವರು ಚಳಿಗೆ ಕೋಟು ಹಾಕಿಕೊಳ್ಳುವಾಗ, ಊಟಕ್ಕೆ ಕೂರುವಾಗ ಹೇಳಿಸಿದರೆ ಬೇಗ ಹತ್ತುತ್ತದೆ.

ಇದಕ್ಕೆ ತಿರುಗುಮುರುಗಾದ ತಪ್ಪೂ ಒಂದಿದೆ. ಒಪ್ಪಿಗೆ ಸೂಚಿಸಲು ಫ್ರೆಂಚರು ‘ಎತ್ರ್’ ಬಳಸುತ್ತಾರೆ. ಹಾಗಾಗಿ ‘ಐ ಆ್ಯಮ್ ಅಗ್ರೀ’ ಎಂದು ಬರುತ್ತದೆ. ಅಲ್ಲಿ ‘ಆ್ಯಮ್’ ಬೇಡ, ‘ಐ ಅಗ್ರೀ’ ಅಷ್ಟೇ. ವೃತ್ತಿ ಹೇಳುವಾಗ ‘ಐ ಆ್ಯಮ್ ಟೀಚರ್’ ಎಂದರೆ ನಡುವೆ ‘ಎ’ ಸೇರಿಸಿಕೊಡಿ. ಫ್ರೆಂಚಿನಲ್ಲಿ ಅದರ ಅಗತ್ಯವಿಲ್ಲದ್ದರಿಂದ ಅವರಿಗೆ ಮರೆಯುತ್ತದೆ.

ಭೂತಕಾಲ ಸುಲಭ. ಐ, ಹಿ, ಶಿ, ಇಟ್‌ಗೆ ವಾಸ್, ಮಿಕ್ಕವಕ್ಕೆ ವರ್. ಹುಟ್ಟಿದ್ದನ್ನು ಹೇಳುವಾಗ ಮಾತ್ರ ಎಚ್ಚರ ಬೇಕು. ಫ್ರೆಂಚಿನ ‘ಜ ಸ್ವೀ ನೇ’ಯಲ್ಲಿ ವರ್ತಮಾನದ ರೂಪವಿರುವುದರಿಂದ ‘ಐ ಆ್ಯಮ್ ಬಾರ್ನ್’ ಎನ್ನುತ್ತಾರೆ. ‘ಐ ವಾಸ್ ಬಾರ್ನ್’ ಎಂದು ತಿದ್ದಿ.

ಪ್ರಶ್ನೆಗೆ ‘ಆರ್ ಯು’ ಎಂದು ಜಾಗ ಅದಲುಬದಲು ಮಾಡಿದರಾಯಿತು. ನಿಷೇಧಕ್ಕೆ ಕ್ರಿಯಾಪದದ ಮುಂದೆ ‘ನಾಟ್’ ಒಂದೇ ಸಾಕು. ಫ್ರೆಂಚಿನಂತೆ ಹಿಂದೊಂದು ಮುಂದೊಂದು ಪದ ಬೇಕಿಲ್ಲ.

ಮೊದಲ ವಾರ ಇಷ್ಟೇ ಕಲಿಸಿ. ಹಸಿವು, ವಯಸ್ಸು ‘ಆ್ಯಮ್’ನಲ್ಲಿ ತಾನಾಗಿ ಬಾಯಿಗೆ ಬರುವವರೆಗೂ ‘ಹ್ಯಾವ್’ ಪಾಠ ತೆಗೆಯಬೇಡಿ.