ಹಲಗೆಯ ಮೇಲೆ ಕೂತ ಇಬ್ಬರು

ಪುಟ್ಟೀ, ಕಾಲೇಜಿನ ಚಾರಣ ತಂಡಕ್ಕೆ ನಿನ್ನನ್ನೇ ನಾಯಕಿ ಮಾಡಿದ್ದಾರೆಂದು ಕೇಳಿ ಹಿಗ್ಗಿದೆ. ಆದರೆ ನೀನು ಫೋನಿನಲ್ಲಿ, “ಅಜ್ಜಾ, ನನಗಿಂತ ಗಟ್ಟಿಗರು, ಜಾಣರು ತಂಡದಲ್ಲಿದ್ದಾರೆ, ನನ್ನ ಮಾತು ಯಾರು ಕೇಳ್ತಾರೆ?” ಅಂದೆಯಲ್ಲ, ಅದು ರಾತ್ರಿಯೆಲ್ಲ ಮನಸ್ಸಿನಲ್ಲೇ ಇತ್ತು. ಬೆಳಿಗ್ಗೆ ಎದ್ದವನೇ ಕಪಾಟಿನಿಂದ ‘ವಾಟರ್‌ಶಿಪ್ ಡೌನ್’ ತೆಗೆದೆ. ರಿಚರ್ಡ್ ಆಡಮ್ಸ್ ಕಾರು ಪಯಣದಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಹೇಳಿದ ಕಥೆ, 1972ರಲ್ಲಿ ಪುಸ್ತಕವಾಯಿತು. ಇಂಗ್ಲೆಂಡಿನ ಕೆಲವು ಮೊಲಗಳು, ತಮ್ಮ ನೆಲೆಗೆ ಕೇಡು ಕಾದಿದೆಯೆಂದು ನಂಬಿ, ರಾತ್ರೋರಾತ್ರಿ ಹೊರಡುತ್ತವೆ.

ಅವುಗಳ ನಾಯಕ ಹೇಜಲ್. ಬಲದಲ್ಲಿ ಬಿಗ್‌ವಿಗ್ ಅವನಿಗಿಂತ ಮೇಲು, ಬುದ್ಧಿಯಲ್ಲಿ ಬ್ಲ್ಯಾಕ್‌ಬೆರಿ. ಮುಂದಾಗುವುದು ಮೊದಲೇ ಹೊಳೆಯುವುದು ಅವನ ತಮ್ಮ ಫೈವರ್‌ಗೆ. ಹಾಗಾದರೆ ಹೇಜಲ್‌ನಲ್ಲಿ ಏನಿತ್ತು? ಎನ್‌ಬೋರ್ನ್ ಹೊಳೆಯ ದಂಡೆಯ ಪುಟಗಳನ್ನು ಓದು. ಕಾಡಿನಲ್ಲಿ ಕಟ್ಟಿಲ್ಲದ ನಾಯಿಯೊಂದು ಓಡಾಡುತ್ತಿದೆ. ಫೈವರ್, ಪುಟಾಣಿ ಪಿಪ್ಕಿನ್ ಇಬ್ಬರೂ ಸುಸ್ತಾಗಿದ್ದಾರೆ, ಈಜಲಾರರು. ಬಿಗ್‌ವಿಗ್‌ಗೆ ಅವಸರ, ಈಜಬಲ್ಲವರು ದಾಟೋಣ ಅನ್ನುತ್ತಾನೆ. ಅವರನ್ನು ಬಿಟ್ಟು ಹೇಜಲ್ ಕದಲುವುದಿಲ್ಲ. ಅಷ್ಟರಲ್ಲಿ ಬ್ಲ್ಯಾಕ್‌ಬೆರಿ ಒಂದು ಹಲಗೆ ತೋರಿಸಿ, ಇಬ್ಬರನ್ನೂ ಅದರ ಮೇಲೆ ಕೂರಿಸಿ ತಳ್ಳೋಣ ಅನ್ನುತ್ತಾನೆ. ಮರ ನೀರಿನಲ್ಲಿ ತೇಲುತ್ತದೆ ಅನ್ನುವುದೇ ಹೇಜಲ್‌ನ ತಲೆಗೆ ಹೋಗುವುದಿಲ್ಲ. ಆದರೂ ಒಪ್ಪಿಕೊಳ್ಳುತ್ತಾನೆ. ತನಗೆ ಅರ್ಥವಾಗದ್ದು ಇನ್ನೊಬ್ಬನಿಗೆ ಅರ್ಥವಾಗಿದೆ ಎಂದು ಗುರುತಿಸಲು ಎಷ್ಟು ದೊಡ್ಡ ಮನಸ್ಸು ಬೇಕು, ಯೋಚಿಸು. ನಲವತ್ತು ವರ್ಷ ಮೇಷ್ಟ್ರಾಗಿದ್ದೆ ನಾನು. ಅಷ್ಟು ಸುಲಭವಾಗಿ ಇನ್ನೊಬ್ಬರ ಮಾತಿಗೆ ತಲೆಬಾಗಲು ನನ್ನಿಂದ ಆಗಿದ್ದು ಕಡಿಮೆ.

ಹೇಜಲ್ ತಪ್ಪೇ ಮಾಡದವನಲ್ಲ. ಒಂದು ಸಲ ತನ್ನ ಹೆಚ್ಚುಗಾರಿಕೆ ತೋರಿಸಬೇಕೆಂಬ ಆಸೆಗೆ ಬಿದ್ದು, ಫೈವರ್‌ನ ಎಚ್ಚರಿಕೆ ಮೀರಿ ತೋಟದ ಮನೆಗೆ ನುಗ್ಗುತ್ತಾನೆ. ಹಿಂಗಾಲಿಗೆ ಗುಂಡು ಬೀಳುತ್ತದೆ. ಆಮೇಲೆ ಅವನು ಕುಂಟುವವನೇ.

ಆ ಕುಂಟನನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೊನೆಯ ಕಾಳಗ ಓದು. ಎಫ್ರಾಫಾ ಎಂಬ ಇನ್ನೊಂದು ಮೊಲದ ನೆಲೆಯನ್ನು ಹೆದರಿಸಿ ಆಳುವ ಜನರಲ್ ವೂಂಡ್‌ವರ್ಟ್ ದಾಳಿಗೆ ಬಂದಾಗ ಹೇಜಲ್ ಒಬ್ಬನೇ ಎದುರು ಹೋಗಿ, ಎರಡೂ ಕಡೆಯವರು ಸೇರಿ ನಡುವೆ ಹೊಸ ನೆಲೆ ಕಟ್ಟೋಣ ಅನ್ನುತ್ತಾನೆ. ವೂಂಡ್‌ವರ್ಟ್ ಅವನನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮುಂದೆ ಇಕ್ಕಟ್ಟಿನ ಬಿಲದೊಳಗೆ, ಮೈಯೆಲ್ಲ ಗಾಯವಾದ ಬಿಗ್‌ವಿಗ್ ದಾರಿಗೆ ಅಡ್ಡ ನಿಂತಿದ್ದಾನೆ. ಇಷ್ಟು ಬಲಶಾಲಿಯೇ ಇವರ ದೊರೆಯೆಂದು ವೂಂಡ್‌ವರ್ಟ್ ತಿಳಿದಿರುತ್ತಾನೆ. ನನ್ನ ನಾಯಕ ಇಲ್ಲಿ ಕಾವಲು ನಿಲ್ಲಲು ಹೇಳಿದ್ದಾನೆ, ಅದಕ್ಕೇ ನಿಂತಿದ್ದೇನೆ ಅನ್ನುತ್ತಾನೆ ಬಿಗ್‌ವಿಗ್. ಇವನಿಗಿಂತಲೂ ಬಲಶಾಲಿ ಒಳಗೆಲ್ಲೋ ಇದ್ದಾನೆಂದು ವೂಂಡ್‌ವರ್ಟ್‌ಗೆ ನಡುಕ ಹುಟ್ಟುತ್ತದೆ. ತಾನು ಗದರಿಸಿ ಕಳಿಸಿದ ಆ ಕುಂಟನೇ ಆ ನಾಯಕನೆಂದು ಹೊಳೆಯುವುದೇ ಇಲ್ಲ. ಈ ಜಾಗಕ್ಕೆ ಬಂದಾಗಲೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ, ಪುಟ್ಟೀ. ಹೆದರಿಸಿ ಆಳಿದವನಿಗೆ ಬಿಗ್‌ವಿಗ್‌ನಂಥ ಒಬ್ಬನಾದರೂ ಸಿಗುತ್ತಿದ್ದನೇ?

ಹೇಜಲ್‌ನಂಥ ನಾಯಕ ಬರೀ ಕಲ್ಪನೆಯಲ್ಲ. ಎರಡನೇ ಮಹಾಯುದ್ಧದಲ್ಲಿ ತನ್ನ ಮೇಲಧಿಕಾರಿಯಾಗಿದ್ದ ಮೇಜರ್ ಜಾನ್ ಗಿಫರ್ಡ್ ಅವರನ್ನು ನೋಡಿಯೇ ಹೇಜಲ್‌ನನ್ನು ಚಿತ್ರಿಸಿದೆನೆಂದು ಆಡಮ್ಸ್ ಹೇಳಿಕೊಂಡಿದ್ದಾರೆ. ಆರ್ಭಟವಿಲ್ಲದ, ಮೆಲುಮಾತಿನ ಮನುಷ್ಯ ಅವರು.

ಹಾಗೆಯೇ ಬೆಟ್ಟ ಹತ್ತುವಾಗ ಎಲ್ಲರಿಗಿಂತ ಮುಂದೆ ನೀನೇ ಇರಬೇಕೆಂದಿಲ್ಲ, ದಾರಿ ಗೊತ್ತಿದ್ದವರು ಮುಂದೆ ಹೋಗಲಿ. ಶನಿವಾರ ಹೊರಡುವ ಮುನ್ನ, ಉಸಿರು ಕಟ್ಟುವವರು ಯಾರು, ಮೊದಲ ಸಲ ಬರುತ್ತಿರುವವರು ಯಾರು, ಕೇಳಿಟ್ಟುಕೋ. ಅವರ ಚೀಲಗಳನ್ನು ಒಮ್ಮೆ ನಿನ್ನ ಕೈಯಾರೆ ಎತ್ತಿ ನೋಡು.