ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು



ಹೊಲದ ರಾಗಿಯಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ ತೆಗೆದಿಟ್ಟ ಬೀಜವನ್ನು ನೀವು ಬಿತ್ತಬಹುದು, ನೆಂಟರಿಗೆ ಕೊಡಬಹುದು, ಕೇಳುವವರಿಲ್ಲ. ಸಂಕರ ಮುಸುಕಿನ ಜೋಳದ ಬೀಜವನ್ನಾದರೋ ವರ್ಷ ವರ್ಷವೂ ಅಂಗಡಿಯಿಂದ ತರಬೇಕು. ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರಿನಲ್ಲಿಯೂ ಹೀಗೆ ಎರಡು ಬಗೆಗಳುಂಟು. ಮನೆಬೀಜದಂಥದಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು.

ಈ ಮಾತು ಈಗೇಕೆಂದರೆ, 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ಸಂಘಗಳಲ್ಲಿಯೂ ವಾಚನಾಲಯಗಳಲ್ಲಿಯೂ ಇರುವ ಎಷ್ಟೋ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಯಂತ್ರ ಗಟ್ಟಿಯಾಗಿದ್ದರೂ ಗುಜರಿಗೆ ಹಾಕುವ ಮಾತು ನಡೆದಿದೆ. ಅದಕ್ಕೆ ಮೊದಲು ಲಿನಕ್ಸನ್ನು ಪರೀಕ್ಷಿಸಿ ನೋಡಿರಿ.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬುವರು, ಎಲ್ಲರೂ ಹಂಚಿಕೊಳ್ಳಬಹುದಾದ ತಂತ್ರಾಂಶವನ್ನು ಕಟ್ಟಲು ಗ್ನೂ ಎಂಬ ಕಾರ್ಯವನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಬರೆದು, ಮರುವರ್ಷ ಅದನ್ನೂ ಗ್ನೂವಿನ ಷರತ್ತಿಗೆ ಒಳಪಡಿಸಿದರು. ಷರತ್ತು ಇಷ್ಟೆ: ಯಾರಾದರೂ ಬಳಸಬಹುದು, ನಕಲು ಮಾಡಬಹುದು, ತಿದ್ದಬಹುದು, ತಿದ್ದಿದ್ದನ್ನು ಪರರಿಗೆ ಕೊಟ್ಟಾಗ ಅದರ ಮೂಲ ಬರಹವನ್ನೂ ಅದೇ ಷರತ್ತಿನ ಮೇಲೆ ಕೊಡತಕ್ಕದ್ದು. ಪಡೆದವನು ಬಚ್ಚಿಡುವಂತಿಲ್ಲ. ನನಗೆ ಬಹಳ ಹಿಡಿಸಿದ್ದು ಇದೇ.

ಹೊಸಬರಿಗೆ ಲಿನಕ್ಸ್ ಮಿಂಟ್ ಎಂಬ ತಳಿ ಒಗ್ಗುತ್ತದೆ. 64 ಬಿಟ್ಟಿನ ಯಂತ್ರ, 2 ಜಿಬಿ ರ್‍ಯಾಮ್, 20 ಜಿಬಿ ಜಾಗ ಇರಲೇಬೇಕು; 4 ಜಿಬಿ ರ್‍ಯಾಮ್ ಇದ್ದರೆ ಕೆಲಸ ಸರಾಗ. ಅದನ್ನು ಪೆನ್ ಡ್ರೈವಿಗೆ ಬರೆದುಕೊಂಡು, ಯಂತ್ರದಲ್ಲಿರುವುದೇನನ್ನೂ ಮುಟ್ಟದೆ ಪೆನ್ ಡ್ರೈವಿನಿಂದಲೇ ನಡೆಸಿ ನೋಡಬಹುದು. ಇಡೀ ಹೊಲಕ್ಕೆ ಬಿತ್ತುವ ಮೊದಲು ಒಂದು ಮಡಿಯಲ್ಲಿ ಬಿತ್ತಿ ನೋಡಿದಂತೆ. ಪ್ರಿಂಟರು, ವೈಫೈ, ಧ್ವನಿ ಮೂರನ್ನೂ ಆಗಲೇ ಪರೀಕ್ಷಿಸಿರಿ.

ಮನಸ್ಸಿಗೆ ಬಂದರೆ ಮಾತ್ರ ಯಂತ್ರದಲ್ಲಿ ಸ್ಥಾಪಿಸಿರಿ. ಅದಕ್ಕೂ ಮೊದಲು ಲೆಕ್ಕಪತ್ರಗಳನ್ನೂ ಚಿತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿ ಖಾತ್ರಿಪಡಿಸಿಕೊಳ್ಳಿರಿ. ಇದನ್ನು ಒತ್ತಿ ಹೇಳಲು ಕಾರಣವುಂಟು. ಮೊದಲ ಸಲ ಒಂದು ಯುವಕ ಸಂಘದ ಯಂತ್ರಕ್ಕೆ ಇದನ್ನು ಹಾಕುವಾಗ ನಾನು ಅವಸರಪಟ್ಟೆ. ಎರಡು ವರ್ಷದ ಲೆಕ್ಕ ಅಳಿಸಿಹೋಯಿತು. ಕಾಗದದ ಪುಸ್ತಕವಿದ್ದುದರಿಂದ ಬದುಕಿಕೊಂಡೆ. ಹನ್ನೆರಡು ಸಂಜೆ ಕುಳಿತು ಮತ್ತೆ ಬರೆದುಕೊಟ್ಟೆ. ಕಾರ್ಯದರ್ಶಿಗಳು ಬೈಯಲಿಲ್ಲ, ಆದರೆ ಚಹಾವನ್ನೂ ಕೊಡಲಿಲ್ಲ.

ಕನ್ನಡಕ್ಕೆ ತೊಂದರೆಯಿಲ್ಲ. ನುಡಿಯಲ್ಲಿ ಟೈಪು ಮಾಡಬಲ್ಲವರಿಗೆ ಅದೇ ಕಗಪ ಕೀಲಿಮಣೆ ಇಲ್ಲಿಯೂ ದೊರೆಯುತ್ತದೆ. ಗುಬ್ಬಿ, ನವಿಲು ಎಂಬ ಅಕ್ಷರಗಳೂ ಇವೆ. ಪತ್ರಕ್ಕೂ ಲೆಕ್ಕಕ್ಕೂ ಲಿಬ್ರೆಆಫೀಸ್ ಸಾಕು.

ಆದರೆ ನುಡಿಯ ಹಳೆಯ ಅಕ್ಷರಗಳಲ್ಲಿ ಬರೆದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳದಿದ್ದರೆ ಓದಲು ತೊಡಕಾಗಬಹುದು. ವಿಂಡೋಸಿಗೆಂದೇ ಮಾಡಿದ ಲೆಕ್ಕದ ತಂತ್ರಾಂಶವನ್ನೇ ನಂಬಿ ನಡೆಯುವ ಸಂಘದವರು, ಸದ್ಯಕ್ಕೆ ಆ ಯಂತ್ರವನ್ನು ಬದಲಿಸದಿರುವುದೇ ಲೇಸು.

ಸಂತೆಯ ದಿನ ಮಧ್ಯಾಹ್ನ ನಾನು ವಾಚನಾಲಯದಲ್ಲಿರುತ್ತೇನೆ. 8 ಜಿಬಿಯ ಖಾಲಿ ಪೆನ್ ಡ್ರೈವ್ ತಂದರೆ ಮಿಂಟನ್ನು ಬರೆದು ಕೊಡುವೆನು. ಹಾಗೆಯೇ ಬರೆದುಕೊಳ್ಳುವುದನ್ನು ಕಲಿತು, ನೀವೂ ಇನ್ನೊಬ್ಬರಿಗೆ ಕೊಡಬಹುದು.

— ನಿಮ್ಮ ಗ್ರಾಮಸೇವಕ