ಅಂದದ ಹೂವು ಆಹಾರವಾದ ಬಗೆ: ಸೂರ್ಯಕಾಂತಿಯ ಪಾಠ



ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮನೆಯಂಗಳಗಳಲ್ಲಿ ಸವರಿ ಹಾಕಿದ ಹೂಗಿಡದ ರೆಂಬೆಗಳನ್ನು ಕಂಡಾಗ, "ಹಸಿರು ತಾನೆ, ರಾಸಿಗೆ ಹಾಕಬಹುದೇ?" ಎಂದು ಸದಸ್ಯರು ಕೇಳುವುದುಂಟು. ತೋಟದ ಹೂವು ಆಹಾರವಾಗಬಲ್ಲದು. ಆದರೆ ಆರಿಸಿ, ಪರೀಕ್ಷಿಸಿ, ತಳಿ ತಿದ್ದಿದ ಮೇಲೆ. ಸೂರ್ಯಕಾಂತಿಯೇ ಇದಕ್ಕೆ ಉದಾಹರಣೆ.

ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ಅದರ ಕಾಳನ್ನು ತಿನ್ನುತ್ತಿದ್ದರು. 16ನೇ ಶತಮಾನದಲ್ಲಿ ಯೂರೋಪಿಗೆ ಬಂದ ಮೇಲೆ ಅದು ಬಹುಕಾಲ ಹೂದೋಟದ ಅಲಂಕಾರವಾಗಿಯೇ ಉಳಿಯಿತು. 19ನೇ ಶತಮಾನದಲ್ಲಿ ರಷ್ಯದ ರೈತರು ಎಣ್ಣೆಗಾಗಿ ಬೆಳೆಯತೊಡಗಿದರು. ಮುಂದೆ ಅಲ್ಲಿನ ವಿಜ್ಞಾನಿ ಪುಸ್ತೊವೊಯ್ತ್ ಅವರು ಹೆಚ್ಚು ಎಣ್ಣೆ ಕೊಡುವ ಗಿಡಗಳ ಬೀಜವನ್ನೇ ವರ್ಷವರ್ಷವೂ ಆರಿಸಿ ಬಿತ್ತಿ, ಶೇಕಡಾ 30ರ ಆಸುಪಾಸಿನಲ್ಲಿದ್ದ ಎಣ್ಣೆಯ ಅಂಶವನ್ನು 50ರ ಹತ್ತಿರಕ್ಕೆ ತಂದರು.

ಆ ರಷ್ಯನ್ ತಳಿಗಳು 1969ರಲ್ಲಿ ನಮ್ಮ ದೇಶಕ್ಕೆ ಬಂದವು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು 1980ರಲ್ಲಿ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ತಳಿ ಬಿ.ಎಸ್.ಎಚ್.-1 ಅನ್ನು ಬಿಡುಗಡೆ ಮಾಡಿತು. ಹೈಬ್ರಿಡ್ ಬೀಜ ತೆಗೆಯುವ ಹೊಲದಲ್ಲಿ ಹೆಣ್ಣು ಸಾಲಿನ ಗಿಡಗಳಿಗೆ ಸ್ವಂತ ಪರಾಗವಿರುವುದಿಲ್ಲ. ಗಂಡು ಸಾಲಿನ ಪರಾಗವನ್ನು ಜೇನುನೊಣಗಳು ತಂದಾಗ ಕಾಳು ಕಟ್ಟುತ್ತದೆ. ಮಿಶ್ರತಳಿ ಹಸುವಿನಲ್ಲಿ ನಾವು ಬಯಸುವಂತೆ ಇಲ್ಲಿಯೂ ಎರಡು ಕಡೆಯ ಒಳ್ಳೆಯ ಗುಣ ಒಂದೆಡೆ ಸೇರುತ್ತವೆ. ಆದರೆ ಹೈಬ್ರಿಡ್ ಬೆಳೆಯ ಕಾಳನ್ನೇ ಮತ್ತೆ ಬಿತ್ತಿದರೆ ಗುಣ ನಿಲ್ಲದು. ಪ್ರತಿ ಸಲವೂ ಹೊಸ ಬೀಜ ಬೇಕು.

ಎಣ್ಣೆ ಅಡಿಗೆಮನೆಗೆ, ಹಿಂಡಿ ಕೊಟ್ಟಿಗೆಗೆ. ಸಿಪ್ಪೆ ತೆಗೆದ ಕಾಳಿನ ಹಿಂಡಿಯಲ್ಲಿ ಪ್ರೋಟೀನ್ ಹೆಚ್ಚು. ಸಿಪ್ಪೆಸಮೇತ ಆಡಿಸಿದ ಹಿಂಡಿಯಲ್ಲಿ ನಾರು ಹೆಚ್ಚು, ಪ್ರೋಟೀನ್ ಕಡಿಮೆ. ಕೊಳ್ಳುವಾಗ ಕೈಯಲ್ಲಿ ಪುಡಿ ಮಾಡಿ ನೋಡಿ. ಸಿಪ್ಪೆಯ ಚೂರೇ ತುಂಬಿದ್ದರೆ ಅದಕ್ಕೆ ತಕ್ಕ ಬೆಲೆಯನ್ನಷ್ಟೇ ಕೊಡಿ. ಕಾಳು ಬಡಿದ ಮೇಲೆ ಉಳಿಯುವ ತೆನೆಯನ್ನೂ, ಬೂಷ್ಟು ಹಿಡಿಯದಂತೆ ಒಣಗಿಸಿ, ಕತ್ತರಿಸಿ ಮೇವಿನ ಜೊತೆ ಕೊಡಬಹುದು.

ಈಗ ಎಚ್ಚರಿಕೆಯ ಮಾತು. ಅಂಗಳದಲ್ಲಿ, ಉದ್ಯಾನದಲ್ಲಿ, ರಸ್ತೆಯ ನಡುವೆ ಅಂದಕ್ಕೆ ಬೆಳೆಸುವ ಕಣಗಿಲೆಯ ಎಲೆ, ಹೂವು, ರೆಂಬೆ ಎಲ್ಲವೂ ವಿಷ. ಒಣಗಿದರೂ ವಿಷ ಹೋಗದು. ಸ್ವಲ್ಪ ತಿಂದರೂ ಜೊಲ್ಲು, ಹೊಟ್ಟೆನೋವು, ಭೇದಿ ಕಾಣಿಸಿ, ಎದೆಬಡಿತ ಏರುಪೇರಾಗಿ ರಾಸು ಸಾಯಬಹುದು. ಹಳದಿ ಕಣಗಿಲೆಯೂ, ಬೇಲಿಯ ಲಂಟಾನವೂ ವಿಷವೇ. ಲಂಟಾನವೂ ಅಂದಕ್ಕೆಂದೇ ಹೊರದೇಶದಿಂದ ತಂದ ಗಿಡ.

ನೆನಪಿಡಿ:
1. ಹೆಸರು ಗೊತ್ತಿಲ್ಲದ ಹೂಗಿಡದ ಸೊಪ್ಪು ಗೋದಲಿಗೆ ಬೇಡ.
2. ಪೂಜೆಯ ಹೂವಿನ ರಾಶಿಯಲ್ಲಿ ಕಣಗಿಲೆ ಇರಬಹುದು, ಸಿಂಪಡಿಸಿದ ಔಷಧಿಯ ಅಂಶವೂ ಇರಬಹುದು. ರಾಸಿಗೆ ಹಾಕಬೇಡಿ.
3. ವಿಷದ ಗಿಡ ತಿಂದ ಅನುಮಾನ ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಿ. ತಿಂದ ಗಿಡದ ತುಂಡನ್ನು ತೋರಿಸಿ.